ಪಾರ್ಕಿಂಗಿಗೆ ಬಿಟ್ಟ ಹೆಸರುಗಳು

ಡೊಮೇನ್ ಹೆಸರೊಂದನ್ನು ಕೊಂಡು, ಅಲ್ಲಿ ಒಂದಕ್ಷರ ಬರೆಯದೆ ಬಿಟ್ಟರೂ ದುಡ್ಡು ಬರುತ್ತದೆ ಎಂಬುದು ಕಟ್ಟುಕತೆಯೇನಲ್ಲ. ಹೆಸರಿಗೆ ದಾರಿ ತೋರಿಸುವ ನೇಮ್‌ಸರ್ವರನ್ನು ಪಾರ್ಕಿಂಗ್ ಕಂಪನಿಯ ಕಡೆಗೆ ತಿರುಗಿಸಿದರಾಯಿತು. ಆ ವಿಳಾಸಕ್ಕೆ ಬಂದವರಿಗೆ ಐದಾರು ಸಾಲು ಜಾಹೀರಾತಿನ ಪುಟ ತೆರೆದುಕೊಳ್ಳುತ್ತದೆ. ಯಾರಾದರೂ ಒತ್ತಿದರೆ ಜಾಹೀರಾತುದಾರರ ಹಣ ಎರಡು ಮೂರು ಕೈ ದಾಟಿ, ಉಳಿದ ಚೂರು ಹೆಸರಿನ ಒಡೆಯರಿಗೆ ಸಲ್ಲುತ್ತದೆ.

ಇದು ಚೆನ್ನಾಗಿಯೇ ನಡೆದ ಕಾಲವೊಂದಿತ್ತು. 2000ದ ಆಚೀಚೆ ಜನ ಬೇಕಾದ ವಸ್ತುವಿನ ಹೆಸರಿಗೆ ಡಾಟ್ ಕಾಮ್ ಸೇರಿಸಿ ನೇರವಾಗಿ ಟೈಪ್ ಮಾಡುತ್ತಿದ್ದರು. ಕೊಂಡ ಹೆಸರನ್ನು ಐದು ದಿನದೊಳಗೆ ಬಿಟ್ಟರೆ ಕಟ್ಟಿದ ಹಣವೂ ವಾಪಸಾಗುತ್ತಿತ್ತು. ದೊಡ್ಡ ವ್ಯಾಪಾರಿಗಳು ರಾಶಿ ರಾಶಿ ಹೆಸರು ಎತ್ತಿಕೊಂಡು, ಕ್ಲಿಕ್ ಬಿದ್ದವನ್ನಷ್ಟೇ ಇಟ್ಟುಕೊಂಡು ಮಿಕ್ಕವನ್ನು ಹಿಂದಿರುಗಿಸುತ್ತಿದ್ದರು. 2009ರ ಹೊತ್ತಿಗೆ ಡೊಮೇನ್ ಹೆಸರುಗಳ ಉಸ್ತುವಾರಿ ನೋಡುವ ಐಕಾನ್ ಸಂಸ್ಥೆ ಇದಕ್ಕೆ ಕಡಿವಾಣ ಹಾಕಿತು. ಈಗ ವಿಳಾಸ ಟೈಪ್ ಮಾಡುವವರೇ ಕಡಿಮೆ. ಎಲ್ಲರೂ ಗೂಗಲ್‌ನಲ್ಲಿ ಹುಡುಕುತ್ತಾರೆ, ಇಲ್ಲವೇ ಫೋನಿನಲ್ಲಿ ಆ್ಯಪ್ ಒತ್ತುತ್ತಾರೆ. ಖಾಲಿ ಪುಟದ ಹಾದಿಗೆ ಯಾರು ಬಂದಾರು?

ಆದರೂ ಆಸೆ ಬಿಡುವುದಿಲ್ಲ, ಏಕೆಂದರೆ ದೊಡ್ಡ ಮಾರಾಟದ ಸುದ್ದಿಗಳು ನಿಜ. 2019ರಲ್ಲಿ ವಾಯ್ಸ್ ಡಾಟ್ ಕಾಮ್ ಮೂರು ಕೋಟಿ ಡಾಲರಿಗೆ ಹೋಯಿತು. ಅದು ಎಲ್ಲರ ಬಾಯಲ್ಲೂ ಇರುವ ಪದ. ನಮ್ಮಂಥವರ ಕೈಗೆ ಸಿಗುವ ಹೆಸರುಗಳ ಲೆಕ್ಕ ಬೇರೆ: ವರ್ಷವಿಡೀ ಕೂಡಿದ ಕ್ಲಿಕ್ಕಿನ ಹಣ ನವೀಕರಣದ ಶುಲ್ಕಕ್ಕೂ ಸಾಲದು.

ಹಣಕ್ಕಿಂತ ನನ್ನನ್ನು ಕಾಡಿದ್ದು ಬೇರೆಯದು. ನಾನು ಪಾರ್ಕಿಂಗಿಗೆ ಬಿಟ್ಟಿದ್ದ ಹೆಸರುಗಳಲ್ಲಿ ನಮ್ಮ ಸೀಮೆಯ ಜಾತ್ರೆಯೊಂದರ ಹೆಸರೂ ಇತ್ತು. ಬಿಳಿ ಪುಟ, ನೀಲಿ ಪಟ್ಟಿಗಳು: ಪರ್ಸನಲ್ ಲೋನ್, ಅಗ್ಗದ ಹೋಟೆಲ್, ಆನ್‌ಲೈನ್ ಡಿಗ್ರಿ, ಮೂಲೆಯಲ್ಲಿ ‘ಈ ಡೊಮೇನ್ ಮಾರಾಟಕ್ಕಿದೆ’. ತೇರು ಯಾವತ್ತು, ಹಾಸನದಿಂದ ಬಸ್ಸುಂಟೇ ಎಂದು ತಿಳಿಯಲು ಬಂದವರಿಗೆ ಸಾಲದ ಜಾಹೀರಾತು! ಬಾಗಿಲು ಹಾಕಿದ ಅಂಗಡಿಯ ಷಟರಿಗೆ ಪೋಸ್ಟರ್ ಅಂಟಿಸಲು ಬಾಡಿಗೆ ಪಡೆದ ಹಾಗೆ. ಕನ್ನಡದ ಊರು, ಹಬ್ಬ, ಬೆಳೆಗಳ ಹೆಸರು ಹೀಗೆ ಬೀಗ ಜಡಿದುಕೊಂಡು ಕೂತರೆ ನಷ್ಟ ಕನ್ನಡದವರಿಗೇ.

ಕಾನೂನಿನ ಒಲವೂ ಬಳಸುವವರ ಕಡೆಗಿದೆ. ಸತ್ಯಂ ಇನ್ಫೋವೇ ಎಂಬ ಕಂಪನಿ ತನ್ನ ‘ಸಿಫಿ’ ಹೆಸರಿಗಾಗಿ ಹೂಡಿದ ದಾವೆ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಶುರುವಾಗಿ, ಹೈಕೋರ್ಟಿನಲ್ಲಿ ತಿರುವುಮುರುವಾಗಿ, 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ವ್ಯವಹಾರದಿಂದ ಗಳಿಸಿದ ಹೆಸರಿಗೆ ಟ್ರೇಡ್‌ಮಾರ್ಕಿನಂತೆಯೇ ಡೊಮೇನಿನಲ್ಲೂ ರಕ್ಷಣೆ ಉಂಟು ಎಂದು ನ್ಯಾಯಾಲಯ ಒಪ್ಪಿತು. ಈ ತೀರ್ಪನ್ನು ಡೊಮೇನ್ ವ್ಯಾಪಾರಕ್ಕೆ ಇಳಿಯುವ ಹುಡುಗರು ಮೊದಲು ಓದಬೇಕು. ಕಂಪನಿಯ ಹೆಸರು ಹಿಡಿದಿಟ್ಟು ಬೆಲೆ ಕೇಳುವುದು ವ್ಯಾಪಾರವಲ್ಲ, ಕೋರ್ಟಿಗೆ ದಾರಿ.

ಜಾತ್ರೆಯ ಹೆಸರನ್ನು ಪಾರ್ಕಿಂಗಿನಿಂದ ಬಿಡಿಸಿ ಒಂದೇ ಒಂದು ಪುಟ ಹಾಕಿದೆ: ತೇರಿನ ದಿನಾಂಕ, ಬಸ್ಸಿನ ವೇಳೆ, ಅನ್ನದಾನದ ಕಡೆಯವರ ಫೋನ್ ನಂಬರು. ಉಳಿದವನ್ನು ಈ ಸಲ ನವೀಕರಿಸಲಿಲ್ಲ. ‘ಇನ್ನೊಂದು ವರ್ಷ ಇಟ್ಕೊಳ್ಳಿ ಸಾರ್, ಗಿರಾಕಿ ಬಂದೇ ಬರ್ತಾರೆ’ ಎನ್ನುತ್ತಾನೆ ಇದೇ ಕಸುಬಿನ ಗೆಳೆಯ. ಡಾಟ್ ಕಾಮ್ ಆದರೆ ಹಳೆಯ ಒಡೆಯರು ಬಿಡಿಸಿಕೊಳ್ಳಲು ಇರುವ ರಿಡೆಂಪ್ಷನ್ನಿನ 30 ದಿನ, ಅಳಿಸುವ ಮುಂಚಿನ 5 ದಿನ ಕಳೆದ ಮೇಲೆ ಯಾರು ಬೇಕಾದರೂ ಕೊಳ್ಳಬಹುದು. ಅಲ್ಲಿ ಏನಾದರೂ ಬರೆಯುವ ಮನಸ್ಸಿದ್ದವರು ದಿನಾಂಕ ನೋಡಿಕೊಂಡಿರಲಿ.