ಗೌರಿ ಹಾಕಿದ ಗಂಡು ಕರು

ಬೆಂಗಳೂರಿನ ಪಶ್ಚಿಮದ ಬಡಾವಣೆಗಳಲ್ಲಿ ಹಳೆಯ ಹಳ್ಳಿಗಳು ಇನ್ನೂ ಪೂರ್ತಿಯಾಗಿ ಕರಗಿಲ್ಲ. ವಿಜಯನಗರದ ಮಗ್ಗುಲಿಗೆ ಹೊಸಹಳ್ಳಿ, ಬಸವೇಶ್ವರನಗರದ ಮಗ್ಗುಲಿಗೆ ಸಾಣೇಗುರುವನಹಳ್ಳಿ, ರಾಜಾಜಿನಗರದ ಮಗ್ಗುಲಿಗೆ ಕೇತಮಾರನಹಳ್ಳಿ ತಮ್ಮ ಹೆಸರನ್ನು ಉಳಿಸಿಕೊಂಡಿವೆ. ಕೆಂಗೇರಿಗೆ 2021ರಲ್ಲಿ ಮೆಟ್ರೊ ರೈಲೇ ಬಂದಿತು. ಆದರೂ ಹಳೆಯ ಊರಿನ ಓಣಿಗಳಲ್ಲಿ ಅಲ್ಲೊಂದು ಇಲ್ಲೊಂದು ಕೊಟ್ಟಿಗೆ, ಅದರ ಹಿಂದೊಂದು ಹಿತ್ತಿಲು ಕಣ್ಣಿಗೆ ಬೀಳುವುದುಂಟು.

ಅಂಥದೊಂದು ಓಣಿಯ ಮನೆ ಇದು. ಹಿತ್ತಿಲು ಹೆಚ್ಚೆಂದರೆ ಎರಡು ಗುಂಟೆ. ಅಷ್ಟರಲ್ಲೇ ಎರಡು ತೆಂಗು, ಒಂದು ಕರಿಬೇವು, ಒಂದು ನುಗ್ಗೆ, ಬಚ್ಚಲ ನೀರಿನ ಬಾಯಿಗೆ ಬಾಳೆ, ಬೇಲಿಯಂಚಿಗೆ ನಾಲ್ಕು ಪರಂಗಿ ಗಿಡ, ಐದಾರು ನಾಟಿಕೋಳಿ. ತಗಡಿನ ಮಾಡಿನ ಕೆಳಗೆ ಗೌರಿ ಎಂಬ ಸೀಮೆಹಸು. ಮನೆಯಲ್ಲಿ ಅಜ್ಜಿ, ಕಾರ್ಖಾನೆಗೆ ಹೋಗುವ ಮಗ, ಸೊಸೆ ಮತ್ತು ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಹತ್ತನೆಯ ತರಗತಿ, ಚಿಕ್ಕವಳು ಐದನೆಯದು.

ಹಸುವಿಗೆ ಭಾನುವಾರವೆಂಬುದಿಲ್ಲ, ಪರೀಕ್ಷೆಯ ರಜೆಯೂ ಇಲ್ಲ. ಬೆಳಗ್ಗೆ ಐದಕ್ಕೆ ಸೊಸೆ ಹಾಲು ಕರೆದರೆ, ದೊಡ್ಡ ಹುಡುಗಿ ಸಗಣಿ ಬಾಚಿ ತಿಪ್ಪೆಗೆ ಹಾಕುವಳು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಕಲಗಚ್ಚಿನ ಬಾನಿಗೆ. ತಿಪ್ಪೆಯ ಗೊಬ್ಬರ ಬಾಳೆಗೆ, ಬಾಳೆಯ ದಿಂಡು ಮತ್ತೆ ಗೌರಿಗೆ. ಮಿಕ್ಕ ಕಾಳು ಕೋಳಿಗೆ. ಈ ಮನೆಯಲ್ಲಿ ಕಸ ಎಂದು ಹೊರಗೆ ಹೋಗುವುದು ಬಹಳ ಕಡಿಮೆ.

ಆದರೆ ಇಲ್ಲಿ ಹೇಳಹೊರಟಿರುವುದು ಗೊಬ್ಬರದ ವಿಷಯವಲ್ಲ. ಗೌರಿಯ ಮೂರನೆಯ ಕರುವಿನ ವಿಷಯ.

ಗೌರಿ ಮೊದಲೆರಡು ಸಲ ಗಂಡು ಕರು ಹಾಕಿದ್ದಳು. ಹಾಲು ಮಾರುವ ಮನೆಗೆ ಹೆಣ್ಣು ಕರುವೇ ಬೇಕು. ಅದು ಬೆಳೆದು ಕಡಸಾದರೆ ನಾಳೆಯ ಹಾಲು. ಗಂಡು ಕರುವಾದರೋ, ಹೂಡುವುದಕ್ಕೆ ಕೆಂಗೇರಿಯಲ್ಲಿ ಈಗ ಹೊಲವೆಲ್ಲಿದೆ? ಹಾಗಾಗಿ ಮೂರನೆಯ ಸಲ ಗೌರಿ ಗಬ್ಬವಾದಾಗ ಅಜ್ಜಿ ದೇವರಿಗೆ ಹರಕೆ ಹೊತ್ತರು. ಒಂಬತ್ತು ತಿಂಗಳು ಹತ್ತು ದಿನ ಎಲ್ಲರೂ ಕಾದರು.

ಒಂದು ರಾತ್ರಿ ಗೌರಿಗೆ ನೋವು ಬಂತು. ಮುಂಗಾಲಿನ ಗೊರಸುಗಳೆರಡು, ಅವುಗಳ ಮೇಲೆ ಮೂತಿ, ಆಮೇಲೆ ಸರ್ರನೆ ಇಡೀ ಮೈ. ಗೌರಿ ನೆಕ್ಕತೊಡಗಿದಳು. ಮಗ ಟಾರ್ಚು ಹಿಡಿದು ನೋಡಿ, “ಗಂಡು” ಎಂದರು.

“ಹಾಳಾದ್ದು, ಮತ್ತೆ ಗಂಡನ್ನೇ ಹಾಕ್ತಲ್ಲ! ಇದರ ಹೊಟ್ಟೇನೇ ಸರಿಯಿಲ್ಲ ಕಣಪ್ಪ, ಮಾರಿಬಿಡು” ಎಂದು ಅಜ್ಜಿ ಗೊಣಗಿದರು.

ದೊಡ್ಡ ಹುಡುಗಿ ಆ ವಾರವಷ್ಟೇ ವಿಜ್ಞಾನ ಪುಸ್ತಕದ ಅನುವಂಶೀಯತೆಯ ಪಾಠ ಓದಿದ್ದಳು. “ಗೌರಿದೇನೂ ತಪ್ಪಿಲ್ಲ ಅಜ್ಜಿ. ಗಂಡೋ ಹೆಣ್ಣೋ ಅನ್ನೋದು ಹೋರಿ ಕಡೆಯಿಂದ ಬರೋದು” ಎಂದಳು.

ಪಕ್ಕದಲ್ಲಿ ಕಣ್ಣುಜ್ಜಿಕೊಳ್ಳುತ್ತಿದ್ದ ಚಿಕ್ಕವಳಿಗೆ ಇನ್ನೊಂದು ಸಂದೇಹ ಬಂತು. “ನಾನು ಹುಟ್ಟಿದಾಗ ಅಮ್ಮನಿಗೂ ಹಿಂಗೇ ಬೈದಿದ್ರಾ ಅಜ್ಜಿ?”

ಯಾರೂ ಮಾತಾಡಲಿಲ್ಲ. ಸೊಸೆ ತಲೆ ಎತ್ತದೆ ಬಿಸಿನೀರಿಗೆ ಬೂಸಾ ಬೆಲ್ಲ ಕಲಸುತ್ತಿದ್ದರು. ಬೈದದ್ದು ನಿಜ. ಎರಡನೆಯದೂ ಹೆಣ್ಣು ಎಂದು ತಿಳಿದ ದಿನ ಅಜ್ಜಿ ಆಸ್ಪತ್ರೆಯಿಂದ ಮುಖ ತಿರುಗಿಸಿಕೊಂಡು ಮನೆಗೆ ಬಂದಿದ್ದರು. ಅಂದು ಅಜ್ಜಿಗೆ ತಿಳಿಯದು ಎನ್ನೋಣ. ಪಿಯುಸಿಯಲ್ಲಿ ವಿಜ್ಞಾನ ಓದಿದ್ದ ಮಗನಿಗೆ ತಿಳಿದಿತ್ತು. ಪರೀಕ್ಷೆಯಲ್ಲಿ ಅದೇ ಪ್ರಶ್ನೆಗೆ ಉತ್ತರ ಬರೆದು ಅಂಕವನ್ನೂ ಪಡೆದಿದ್ದವರು. ಆದರೆ ತಾಯಿಯ ಮುಂದೆ ಆ ಉತ್ತರವನ್ನು ಹೇಳಲಿಲ್ಲ.

ಆ ಉತ್ತರವಾದರೂ ಏನು? ಹಸುವಿನ ಜೀವಕೋಶದಲ್ಲಿ 60 ವರ್ಣತಂತುಗಳು, ಮನುಷ್ಯರಲ್ಲಿ 46. ಎರಡು ಕಡೆಯೂ ಹೆಣ್ಣಿನಲ್ಲಿ ಎರಡು ಎಕ್ಸ್. ಗಂಡಿನಲ್ಲಿ ಒಂದು ಎಕ್ಸ್, ಒಂದು ವೈ. ಆದ್ದರಿಂದ ತಾಯಿಯ ಅಂಡದಲ್ಲಿ ಎಕ್ಸ್ ಮಾತ್ರ ಇರುತ್ತದೆ. ತಂದೆಯ ವೀರ್ಯಾಣುಗಳಲ್ಲಿ ಅರ್ಧದಷ್ಟು ಎಕ್ಸ್, ಅರ್ಧದಷ್ಟು ವೈ. ಯಾವುದು ಮೊದಲು ಅಂಡವನ್ನು ಸೇರುವುದೋ ಅದರ ಮೇಲೆ ಗಂಡು, ಹೆಣ್ಣು. 1905ರಲ್ಲಿ ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬಾಕೆ ಹಿಟ್ಟಿನಲ್ಲಿ ಬೆಳೆಯುವ ಒಂದು ಜಾತಿಯ ಹುಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಈ ಗುಟ್ಟನ್ನು ಕಂಡರು. ಸಂಶೋಧನೆಗೆ ಬರುವ ಮುನ್ನ ಆಕೆ ಶಾಲಾ ಶಿಕ್ಷಕಿಯಾಗಿದ್ದವರು.

ಹಾಗಾದರೆ ಬೈಗುಳವನ್ನು ತಾಯಿಯಿಂದ ತಂದೆಗೆ ವರ್ಗಾಯಿಸಬೇಕೆ? ಅದೂ ಸಲ್ಲದು. ವೀರ್ಯಾಣುವನ್ನು ಆರಿಸಿ ಕಳಿಸುವುದು ಯಾವ ತಂದೆಯ ಕೈಯಲ್ಲೂ ಇಲ್ಲ. ಅದು ನಾಣ್ಯ ಚಿಮ್ಮಿದಂತೆ. ಸತತವಾಗಿ ಮೂರು ಗಂಡು ಕರು ಹುಟ್ಟುವ ಸಂಭವ ಸುಮಾರು 8ರಲ್ಲಿ 1; ಅಪರೂಪವೇನಲ್ಲ. ನಾಲ್ಕನೆಯ ಸಲವೂ ಅರ್ಧಕ್ಕರ್ಧವೇ. ನಾಣ್ಯಕ್ಕೆ ಹಿಂದಿನದರ ನೆನಪಿರುವುದಿಲ್ಲ.

ಇಂದು ಹಸುಗಳಿಗಾದರೆ ಉಪಾಯವುಂಟು. ಎಕ್ಸ್ ಇರುವ ವೀರ್ಯಾಣುವಿನಲ್ಲಿ ಡಿಎನ್‌ಎ ಶೇಕಡಾ 4ರಷ್ಟು ಹೆಚ್ಚು. ಆ ವ್ಯತ್ಯಾಸವನ್ನು ಹಿಡಿದು ಯಂತ್ರದಲ್ಲಿ ಬೇರ್ಪಡಿಸಿದ ವೀರ್ಯವನ್ನು ಕೃತಕ ಗರ್ಭಧಾರಣೆಗೆ ಬಳಸಿದರೆ ಹತ್ತರಲ್ಲಿ ಒಂಬತ್ತು ಹೆಣ್ಣು ಕರುಗಳೇ ಹುಟ್ಟುತ್ತವೆ. ಮನುಷ್ಯರಲ್ಲಿ ಹೀಗೆ ಮಕ್ಕಳನ್ನು ಆರಿಸುವುದು ಅಪರಾಧ. ಹುಟ್ಟುವ ಮೊದಲೇ ಲಿಂಗ ಪತ್ತೆ ಮಾಡುವುದನ್ನು 1994ರ ಕಾಯ್ದೆಯೇ ತಡೆದಿದೆ. ವಿಚಿತ್ರ ನೋಡಿ. ಕೊಟ್ಟಿಗೆಯಲ್ಲಿ ಹೆಣ್ಣು ಬೇಕು, ಅದೇ ಮನೆಯ ತೊಟ್ಟಿಲಲ್ಲಿ ಗಂಡು ಬೇಕು. ಎರಡು ಕಡೆಯೂ ಬೈಗುಳ ಮಾತ್ರ ತಾಯಿಗೆ!

ಆ ರಾತ್ರಿ ಅಜ್ಜಿ ಹೆಚ್ಚೇನೂ ಹೇಳಲಿಲ್ಲ. “ಇದೆಲ್ಲ ಯಾರಿಗೆ ಗೊತ್ತಿತ್ತು?” ಎಂದಷ್ಟೇ ಅಂದು, ಕರುವನ್ನು ಕೆಚ್ಚಲಿಗೆ ಹಚ್ಚಿದರು. ಹಸುವಿನ ಗರ್ಭದಲ್ಲಿ ತಾಯಿಯ ರೋಗನಿರೋಧಕ ಅಂಶ ಕರುವಿಗೆ ದಾಟುವುದಿಲ್ಲ; ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕುಡಿಯುವ ಗಿಣ್ಣುಹಾಲಿನಿಂದಲೇ ಅದು ಸಿಗಬೇಕು. ಗಂಡು ಕರುವೆಂದು ಯಾರೂ ಕಡಿಮೆ ಮಾಡಲಿಲ್ಲ. ಮಗ ಮಾತ್ರ ಬಹಳ ಹೊತ್ತು ಕೊಟ್ಟಿಗೆಯಲ್ಲೇ ನಿಂತಿದ್ದರು. ಕೊನೆಗೆ, “ಅವತ್ತೇ ನಾನು ಹೇಳಬೇಕಾಗಿತ್ತು ಕಣವ್ವ” ಎಂದರು. ಹೇಳಿದ್ದು ತಾಯಿಗೆ, ಕೇಳಿಸಿಕೊಂಡದ್ದು ಹೆಂಡತಿ.

ಮಕ್ಕಳ ಅಂಕಪಟ್ಟಿ ನೋಡುವ ತಂದೆತಾಯಂದಿರು ಒಮ್ಮೆ ಯೋಚಿಸಬೇಕಾದದ್ದು ಇಲ್ಲಿದೆ. ಓದಿದ್ದು ಉತ್ತರ ಪತ್ರಿಕೆಯಲ್ಲಿ ಮುಗಿದುಹೋದರೆ ಅದು ಮನೆಯ ಒಬ್ಬರ ಕಣ್ಣೀರನ್ನೂ ತಡೆಯದು. ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ಹಿತ್ತಿಲಿದ್ದರೆ ಹೋಗಿ ನೋಡಿ. ಪರಂಗಿಯ ಗಂಡು ಗಿಡದಲ್ಲಿ ಹೂಗಳು ಉದ್ದನೆಯ ಗೊಂಚಲಾಗಿ ಜೋಲುತ್ತವೆ. ಹೆಣ್ಣು ಹೂವು ದಪ್ಪಗೆ ಕಾಂಡಕ್ಕೆ ಒತ್ತಿ ಕೂತಿರುತ್ತದೆ. ತೆಂಗಿನಲ್ಲಿ ಒಂದೇ ಹೊಂಬಾಳೆಯಲ್ಲಿ ಗಂಡು ಹೂ, ಹೆಣ್ಣು ಹೂ ಎರಡೂ ಉಂಟು. ಗಂಡು ಹೆಣ್ಣಿನ ವಿಷಯದಲ್ಲಿ ಪ್ರಕೃತಿಗೆ ಒಂದೇ ನಿಯಮವಿಲ್ಲ.

ಗೌರಿಯನ್ನು ಮಾರಲಿಲ್ಲ. ಕರು ಹಾಲು ಬಿಟ್ಟ ಮೇಲೆ ಮಾಗಡಿ ಕಡೆ ಬೇಸಾಯ ಮಾಡುವ ನೆಂಟರ ಮನೆ ಸೇರಿತು.

ತಿಂಗಳು ಕಳೆದು, 21 ದಿನ ಕಾವು ಕೂತ ಕೋಳಿ ಮರಿ ಮಾಡಿತು. ದೊಡ್ಡದಾದಂತೆ ನೋಡಿದರೆ ಹೆಚ್ಚಿನವು ಹುಂಜಗಳೇ. ಅಜ್ಜಿ ಮೊಮ್ಮಗಳನ್ನು ಕರೆದು, “ಇದೂ ಹುಂಜದ ಕಡೆಯಿಂದಲೇ ಬಂದದ್ದೇನೇ?” ಎಂದರು.

“ಇಲ್ಲ ಅಜ್ಜಿ, ಹಕ್ಕಿಗಳಲ್ಲಿ ತಿರುಗಾಮುರುಗ. ಅಲ್ಲಿ ಹೇಟೆಯ ಮೊಟ್ಟೆಯಲ್ಲೇ ತೀರ್ಮಾನವಾಗಿರುತ್ತೆ.”

“ಹಾಗಾದ್ರೆ ಇದನ್ನ ಬೈಬಹುದು ಅನ್ನು!”

“ಬೈಬಹುದು. ಆದರೆ ಅದೇನು ಬೇಕೂಂತ ಮಾಡಿದ್ದಾ?”

ಅಜ್ಜಿ ನಕ್ಕು ಒಂದು ಹಿಡಿ ರಾಗಿ ಚೆಲ್ಲಿದರು.