ಡ್ರಮ್ಮಿನ ತಗಡು, ಅವ್ವನ ಮಾತು

ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ 2006ರಲ್ಲಿ ಡಾಂಬರಿನ ಖಾಲಿ ಡ್ರಮ್ಮುಗಳಿಂದ ‘ಡಾರ್ಕ್‌ರೂಮ್’ ಕಟ್ಟಿದರು. ಮುಂದೆ ಅರಮನೆಯ ಕಂಬದಂತೆ ಡ್ರಮ್ಮು. ಒಳಗೆ ಹೋಗಲು ಬಗ್ಗಲೇಬೇಕು. ಮೇಲಿನ ತಗಡಿನ ತೂತುಗಳಲ್ಲಿ ಬೆಳಕು ನಕ್ಷತ್ರವಾಗಿ ಕಾಣುತ್ತದೆ. ರಸ್ತೆ ಕೂಲಿಗಳು ಡ್ರಮ್ಮು ಬಡಿದು ಗುಡಿಸಲು ಮಾಡಿಕೊಳ್ಳುತ್ತಾರಲ್ಲ, ಇದರ ಮೂಲ ಅಲ್ಲಿದೆ.

ಆ ಗುಡಿಸಲು ನನಗೆ ಹೊಸದಲ್ಲ. ಸೇಡಂ, ಚಿಂಚೋಳಿ ಸೀಮೆಯಿಂದ ಗುಳೆ ಹೋದವರಲ್ಲಿ ನಮ್ಮವ್ವನೂ ಒಬ್ಬಳು. ಶಹಾಬಾದಿನ ಕಲ್ಲು ಯಾರದೋ ಮನೆಯ ನೆಲವಾಯಿತು, ವಾಡಿಯ ಸಿಮೆಂಟು ಯಾರದೋ ಗೋಡೆಯಾಯಿತು; ಅವಳಿಗೆ ಸಿಕ್ಕಿದ್ದು ತಗಡು. ಎತ್ತಿಟ್ಟ ಹಳೇ ಸಾಮಾನು ನಮ್ಮ ಮನೆಯಲ್ಲಿ ಒಂದೂ ಇಲ್ಲ.

‘ಡಾರ್ಕ್‌ರೂಮ್’ನ ಫೋಟೋ ಅವಳಿಗೆ ತೋರಿಸಿದೆ. “ಚಿಕ್ಕಿ ಕಾಣ್ತಾವ, ಖರೆ. ಮಳಿ ಬಂದ್ರ?” ಅಂದಳು.

ಇಲ್ಲದವರ ನೆನಪನ್ನೂ ಕೂಡಿಡಬಹುದೆಂದು ಶೀಲಾ ತೋರಿಸಿದ್ದಾರೆ. ಅವ್ವನ ಪ್ರಶ್ನೆಯನ್ನು ಅದರ ಪಕ್ಕ ಇಡುವ ಕೆಲಸ ನಮ್ಮದು.