ಕೆಂಪು ಬಾಳೆಯ ಅಳಿಯ

ಏಪ್ರಿಲ್ ಬಂತೆಂದರೆ ಕಲಬುರಗಿಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಸರ್ಕಾರವೂ ಅಂಜುವ ಬಿಸಿಲದು. ಅಂಥ ಊರಿನ ಗುಮಾಸ್ತನೊಬ್ಬ ಮೇ ತಿಂಗಳ ಭಾನುವಾರ ಕೂಲರಿನ ಮುಂದಿನ ಜಾಗ ಬಿಟ್ಟೆದ್ದು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹುಮನಾಬಾದ್ ಬಸ್ಸು ಹತ್ತುತ್ತಾನೆಂದರೆ ಬಲವಾದ ಕಾರಣವೇ ಇರಬೇಕು. ಇರುವುದು ಎರಡು. ಕಮಲಾಪುರ ಅವನ ಮಾವನ ಮನೆ. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುತ್ತದೆ. ಇವೆರಡರಲ್ಲಿ ಯಾವುದು ಮೊದಲು ಎಂದು ಕೇಳುವುದನ್ನು ಹೆಂಡತಿ ಬಿಟ್ಟು ವರ್ಷಗಳಾದವು. ಇದನ್ನು ಬರೆಯುತ್ತಿರುವವನೂ ಅವನೇ. ಮಾವನ ಮನೆಯಲ್ಲಿ ಅಳಿಯನಿಗೆ ಬೇರೆ ಹೆಸರಿರುವುದಿಲ್ಲವಾದ್ದರಿಂದ ಇಲ್ಲಿಯೂ ಅವನು ಬರೀ ಅಳಿಯ.

ದಾರಿ 40 ಕಿ.ಮೀ.ಗೂ ಕಡಿಮೆ. 1347ರಲ್ಲಿ ಕಲಬುರಗಿಯಲ್ಲಿ ಗದ್ದುಗೆ ಹೂಡಿದ ಬಹಮನಿ ಸುಲ್ತಾನರು ಮುಂದಿನ ಶತಮಾನದಲ್ಲಿ ರಾಜಧಾನಿಯನ್ನು ಬೀದರಿಗೆ ಒಯ್ದರು. ಆ ಎರಡು ಊರುಗಳ ನಡುವಿನ ಸೀಮೆಯಿದು. ಹೊಳಕುಂದಾದಲ್ಲಿ ಅವರ ಕಾಲದ ಗುಮ್ಮಟಗಳು ಈಗಲೂ ನಿಂತಿವೆ. ಮಕ್ಕಳಿಗೆ ಗುಮ್ಮಟ ಬೇಡ. ಮಣ್ಣಿನ ಬಣ್ಣ ಬದಲಾಗುವ ಜಾಗವನ್ನು ಯಾರು ಮೊದಲು ಕಾಣುತ್ತಾರೆ ಎಂಬುದೇ ಅವರ ಪಂದ್ಯ. ನಗರದ ಸುತ್ತ ತೊಗರಿ ಕೊಯ್ದು ಬಿರುಕು ಬಿಟ್ಟ ಕರಿ ಎರಿ ಹೊಲಗಳು. ಕಮಲಾಪುರ ಹತ್ತಿರವಾದಂತೆ ನೆಲ ಏರಿಳಿದು ಕೆಂಪಾಗುತ್ತದೆ. ಎರಡು ಮಣ್ಣಿಗೂ ಸರ್ಕಾರದ ಮುದ್ರೆ ಬಿದ್ದಿದೆ: ಕಮಲಾಪುರದ ಕೆಂಪು ಬಾಳೆಗೆ 2009-10ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿತು, ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ. ಹಣ್ಣು ಬೇಳೆಗಿಂತ ಹತ್ತು ವರ್ಷ ಹಿರಿದು ಎಂದು ಮಾವ ಹೇಳುವಾಗ ದನಿಯಲ್ಲಿ ಸಣ್ಣ ಗತ್ತು ಇರುತ್ತದೆ. ಊರು ತಾಲೂಕಾದದ್ದು 2018ರಲ್ಲಿ. ಅದಕ್ಕಿಂತ ಮೊದಲೇ ಹೆಸರು ಮಾಡಿದ್ದು ಹಣ್ಣು.

‘ಬರ್ರಿ, ಬಿಸಲಾಗ ಬಂದೀರಿ, ಮದಲ ನೀರ್ ಕುಡೀರಿ’ ಎಂದು ಅತ್ತೆ ಬೆಲ್ಲದ ಚೂರು, ತಂಬಿಗೆ ನೀರು ತಂದಿಟ್ಟರು. ಅಳಿಯನ ಕಣ್ಣು ಆಗಲೇ ಮೂಲೆ ಮೂಲೆ ತಡಕುತ್ತಿತ್ತು. ಅದನ್ನು ಕಂಡ ಮಾವ, ‘ಗೊನಿ ನಾಕ ದಿನದ ಹಿಂದನ ಹೋದ್ವುರಿ’ ಎಂದರು.

ಇದು ಪ್ರತಿ ವರ್ಷದ ಕತೆ. ಬೇರೆ ಬಾಳೆ ಒಂದು ವರ್ಷಕ್ಕೆ ಕೈಗೆ ಬಂದರೆ ಕೆಂಪು ಬಾಳೆಗೆ ಹದಿನೆಂಟು ತಿಂಗಳು ಬೇಕು. ಅಷ್ಟು ದಿನ ಬಾವಿ ನೀರು, ತಿಪ್ಪೆಗೊಬ್ಬರ ಉಣಿಸಿದವರು ಗೊನೆ ಬಲಿತ ಕೂಡಲೇ ಮಾರದೆ ಇರುತ್ತಾರೆಯೇ? ಇದಕ್ಕೆ ‘ಶ್ರೀಮಂತರ ಹಣ್ಣು’ ಎಂಬ ಹೆಸರೂ ಇದೆ. ಬೆಳೆದವರ ಮನೆಯಲ್ಲಿ ಉಳಿಯುವುದು ಕೊಯ್ಯುವಾಗ ಉದುರಿದ್ದು, ಚಿಪ್ಪಿನ ಅಂಚಿನಲ್ಲಿ ಸೊಟ್ಟಗೆ ಬೆಳೆದದ್ದು. ಈ ಹೆಸರನ್ನು ತೋಟದವರಂತೂ ಇಟ್ಟಿರಲಾರರು ಎಂಬುದು ಅಳಿಯನ ಗುಮಾನಿ.

ಮದುವೆಯಾದ ಹೊಸತರಲ್ಲಿ ಅವನು ಮಾಡಿಕೊಂಡ ಫಜೀತಿಯೊಂದಿದೆ. ತೋಟದಲ್ಲಿ ಕಡುಕೆಂಪು ಗೊನೆ ತೂಗುತ್ತಿತ್ತು. ಕೆಂಪಗಿದ್ದ ಮೇಲೆ ಹಣ್ಣೇ ಇರಬೇಕೆಂದು ಒಂದನ್ನು ಕಿತ್ತು ಸಿಪ್ಪೆ ಸುಲಿಯಹೋದ. ಸುಲಿಯಲಿಲ್ಲ. ಉಗುರು ಹಾಕಿ ಬಗೆದು ಕಚ್ಚಿದ. ನಾಲಿಗೆ ಒಗರು ಹಿಡಿದು ಮರಗಟ್ಟಿತು. ಈ ಬಾಳೆ ಕಾಯಿದ್ದಾಗಲೇ ಕೆಂಪು. ಹಣ್ಣಾಯಿತೆಂದು ತಿಳಿಯುವುದು ಕಣ್ಣಿಗಲ್ಲ, ಬೆರಳಿಗೆ: ದಪ್ಪ ಸಿಪ್ಪೆ ಒತ್ತಿದರೆ ಮೆತ್ತಗೆ ತಗ್ಗಬೇಕು. ಆಗ ಮೈದುನನಿಗೆ ಹತ್ತು ವರ್ಷ. ಅವನು ಓಡಿಹೋಗಿ ಓಣಿಗೆಲ್ಲ ಸುದ್ದಿ ಹಂಚಿಬಂದ.

ಮಧ್ಯಾಹ್ನದ ಊಟಕ್ಕೆ ಬಾಳೆಯ ಹಂಗಿರಲಿಲ್ಲ. ಖಡಕ್ ರೊಟ್ಟಿ, ಎಣ್ಣಿಗಾಯಿ, ಪುಂಡಿ ಪಲ್ಲೆ, ಶೇಂಗಾ ಹಿಂಡಿ. ಆಮೇಲೆ ಬ್ಯಾಳಿ ಹೋಳಿಗೆ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಮಾವಿನಹಣ್ಣಿನ ಶೀಕರಣಿ. ಬೇಳೆ ಬಸಿದ ಕಟ್ಟಿನ ಸಾರು ಅನ್ನಕ್ಕೆ. ಮೂರನೆಯ ಹೋಳಿಗೆಗೆ ಬೇಡವೆಂದು ಕೈ ಅಡ್ಡ ಹಿಡಿದರೆ, ಅತ್ತೆ ಆ ಕೈ ಮೇಲೆಯೇ ಇಟ್ಟರು. ಊಟದ ನಂತರ ಮನೆಯೆಲ್ಲ ನಡುಮನೆಯ ಫರಸಿ ಕಲ್ಲಿನ ಮೇಲೆ ಅಡ್ಡಾಯಿತು. ಮಾಳಿಗೆಯ ಮೇಲೆ ಒಣಗಲು ಹಾಕಿದ್ದ ಸಂಡಿಗೆಗೆ ಕಾಗೆ ಬಂದೀತೆಂದು ಮೆಟ್ಟಿಲ ನೆರಳಿನಲ್ಲಿ ಕೂತ ಅಜ್ಜಿಯೊಬ್ಬರೇ ಎಚ್ಚರವಿದ್ದವರು.

ಹೊತ್ತು ಇಳಿದ ಮೇಲೆ ತೋಟ. ಗೊನೆ ಕಡಿದ ಮೇಲೆ ಉರುಳಿಸಿದ ಬಾಳೆಕಂಬಗಳಲ್ಲಿ ಎರಡನ್ನು ಮೈದುನ ಬಾವಿಗೆ ತಳ್ಳಿದ. ನೀರಿನಂಶ ತುಂಬಿದ ಕಂಬವಾದರೂ ಒಳಗೆಲ್ಲ ಗಾಳಿಗೂಡು. ಮುಳುಗುವ ಮಾತೇ ಇಲ್ಲ. ಮಕ್ಕಳು ಅವನ್ನು ತಬ್ಬಿಕೊಂಡು ಕಾಲು ಬಡಿದರು. ‘ಮಾಮಾ, ನೀವೂ ಬರ್ರಿ, ನಿಮಗೊಂದ ದಪ್ಪಂದ ಹಾಕತೀನಿ’ ಎಂದ ಮೈದುನ. ಈಜು ಬಾರದ ಅಳಿಯ ಯಾರೋ ಕರೆದಂತೆ ಅತ್ತೆ ಇದ್ದ ಕಡೆಗೆ ನಡೆದ.

ಅತ್ತೆ ಮರಿ ನೋಡುತ್ತಿದ್ದರು. ಬಾಳೆಗೆ ಬೀಜವಿಲ್ಲ, ಬುಡದಲ್ಲಿ ಎದ್ದ ಮರಿಯೇ ಮುಂದಿನ ಗಿಡ, ತಾಯಿಯ ಪಡಿಯಚ್ಚು. ಇದೇ ಕುಲದ ಕೆಂಪು ಬಾಳೆಗೆ ಕೇರಳದಲ್ಲಿ ಚೆಂಕದಳಿ, ತಮಿಳುನಾಡಿನಲ್ಲಿ ಸೆವ್ವಾಳೈ ಎನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ ಇದು ‘ರೆಡ್ ಡಕ್ಕಾ’, ಢಾಕಾದ ಹೆಸರು. ಎಲ್ಲಿಗೆ ಹೋದರೂ ಈ ಗಿಡ ಒಂದು ಚಾಳಿ ಬಿಟ್ಟಿಲ್ಲ: ಆಗೊಮ್ಮೆ ಈಗೊಮ್ಮೆ ಕೆಂಪು ತಾಯಿಗೆ ಹಸಿರು ಮರಿ ಹುಟ್ಟುತ್ತದೆ. ಹಿಂದೊಮ್ಮೆ ಅಳಿಯ ಎಲ್ಲಕ್ಕಿಂತ ದೊಡ್ಡ ಮರಿಯನ್ನು ತಾನೇ ಆರಿಸಿ ಒಯ್ದು ಕಲಬುರಗಿಯ ಹಿತ್ತಲಿನಲ್ಲಿ ನೆಟ್ಟಿದ್ದ. ಪಾತ್ರೆ ತೊಳೆದ ನೀರೆಲ್ಲ ಅದಕ್ಕೇ. ಹದಿನೆಂಟು ತಿಂಗಳು ಓಣಿಗೆಲ್ಲ ಹೇಳಿಕೊಂಡು ತಿರುಗಿದ ಮೇಲೆ ಬಿಟ್ಟದ್ದು ಹಸಿರು ಗೊನೆ. ರುಚಿ ಅದೇ. ಆದರೆ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, ‘ಏನ್ರಿ ಸಾಹೇಬ್ರ, ನಿಮ್ಮ ಕೆಂಪ ಬಾಳಿ ಇನ್ನೂ ಕಾಯೇನ್ರಿ?’ ಎನ್ನುವುದು ಆ ಗಿಡ ಕಡಿಯುವತನಕ ನಿಲ್ಲಲಿಲ್ಲ.

‘ಗಾತ್ರ ನೋಡಬಾರದ್ರಿ, ದಂಟ ನೋಡಬೇಕು’ ಎಂದರು ಅತ್ತೆ. ಮರಿಯೊಂದರ ಒಣ ಪದರ ಸುಲಿದು ಹೆಬ್ಬೆರಳಿಂದ ಮಣ್ಣು ಒರೆಸಿದರು. ಒಳಗೆ ಬೀಟ್‌ರೂಟ್ ನೀರು ಸವರಿದಂಥ ಕೆಂಪು. ಅದನ್ನೇ ಅಗೆಸಿ ಒದ್ದೆ ಗೋಣಿಯಲ್ಲಿ ಸುತ್ತಿಕೊಟ್ಟರು.

ಹೊರಡುವ ಹೊತ್ತಿಗೆ ಜೋಳದ ಚೀಲದೊಳಗೆ ಕೈಯಿಳಿಸಿ ಒಂದು ಚಿಪ್ಪು ಎತ್ತಿದರು. ಸೊಟ್ಟ ಸೊಟ್ಟ ಐದು ಹಣ್ಣು, ಹಳೆ ಇಟ್ಟಿಗೆಯ ಬಣ್ಣ. ಅಳಿಯ ಒತ್ತಿ ನೋಡಿದ, ಬೆರಳು ತಗ್ಗಿತು. ಸಿಪ್ಪೆ ಒಂದೇ ಎಳೆತಕ್ಕೆ ಬಂತು. ಒಳಗೆ ಕೆನೆಬಣ್ಣದ ತಿರುಳು. ಎರಡು ಅವನೇ ತಿಂದ. ಮಕ್ಕಳಿಗೆ ಎರಡು. ಉಳಿದ ಒಂದನ್ನು ಹೆಂಡತಿ ಬಾಯಿಗಿಡುವತನಕ ಅವನು ನೋಡುತ್ತಲೇ ಇದ್ದ.

ಸಂಜೆಯ ಬಸ್ಸಿನಲ್ಲಿ ಹೆಂಡತಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟು, ಅಳಿಯನಿಗೆ ದುಡ್ಡಿನ ಟಿಕೆಟ್ಟು. ಕಂಡಕ್ಟರ್ ಸೀಟಿನ ಕೆಳಗೆ ಬಗ್ಗಿ ಗೋಣಿ ನೋಡಿದ.

‘ಬಾಳಿ ಮರಿ ಏನ್ರಿ?’

‘ಹೌದ್ರಿ. ಕೆಂಪಂದು.’

ಅವನು ನಂಬಲಿಲ್ಲ. ಗೋಣಿಯ ಬಾಯಿ ಸರಿಸಿ, ಹೆಬ್ಬೆರಳಿಂದ ದಂಟು ಒರೆಸಿ, ಬಸ್ಸಿನ ಲೈಟಿಗೆ ವಾಲಿಸಿ ನೋಡಿ, ‘ಹೂಂ’ ಎಂದು ಮುಂದಿನ ಸೀಟಿಗೆ ಹೋದ.